ತಲೆಗೆ ಧರಿಸುವ ತಂತ್ರಾಂಶ: ವಿಆರ್ ಹೆಡ್‌ಸೆಟ್ಟಿಗೆ ಅಪ್ಲಿಕೇಶನ್ ಕಟ್ಟುವ ಕ್ರಮ

ಮೊಬೈಲ್ ಫೋನಿನ ಅಪ್ಲಿಕೇಶನ್ ಅರೆಕ್ಷಣ ತಡವರಿಸಿದರೆ ಬಳಸುವವರು ಇನ್ನೊಮ್ಮೆ ಒತ್ತಿ ಸುಮ್ಮನಾಗುತ್ತಾರೆ. ಅದೇ ತಡವರಿಕೆ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ಟಿನೊಳಗೆ ಮತ್ತೆ ಮತ್ತೆ ನಡೆದರೆ, ಧರಿಸಿದವರ ಕಣ್ಣು ಒಂದು ಹೇಳುತ್ತದೆ, ಒಳಗಿವಿಯಲ್ಲಿರುವ ಸಮತೋಲನದ ಅಂಗ ಇನ್ನೊಂದು ಹೇಳುತ್ತದೆ. ಕೆಲವೇ ನಿಮಿಷಗಳಲ್ಲಿ ಬೆವರು, ತಲೆಸುತ್ತು, ವಾಕರಿಕೆ ಶುರುವಾಗಬಹುದು. ಈ ಕೆಲಸಕ್ಕೆ ಹೊಸದಾಗಿ ಬರುವ ಡೆವಲಪರ್ ಎಲ್ಲಕ್ಕಿಂತ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಇದು: ನೀವು ಬರೆಯುವ ಕೋಡ್ ಇನ್ನೊಬ್ಬರ ದೇಹಕ್ಕೆ ನೇರವಾಗಿ ತಟ್ಟುತ್ತದೆ. ಮುಂದೆ ವಿವರಿಸುವ ಬಹುತೇಕ ಕ್ರಮಗಳು, ಎಂಜಿನಿನ ಸೆಟ್ಟಿಂಗುಗಳೂ ಸೇರಿದಂತೆ, ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಇಲ್ಲಿ ನಾನು ಮೆಟಾ ಕ್ವೆಸ್ಟ್ 3 ಹೆಡ್‌ಸೆಟ್ಟನ್ನೂ ಇಂಥ ಅಪ್ಲಿಕೇಶನ್‌ಗಳನ್ನು ಕಟ್ಟಲು ಬಳಸುವ ಯೂನಿಟಿ ಎಂಜಿನನ್ನೂ ಆಧಾರವಾಗಿ ಇಟ್ಟುಕೊಂಡಿದ್ದೇನೆ. 2023ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ಈ ಹೆಡ್‌ಸೆಟ್ ಕಂಪ್ಯೂಟರಿನ ನೆರವಿಲ್ಲದೆ ತಾನಾಗಿಯೇ ನಡೆಯುತ್ತದೆ. ಅದರೊಳಗಿರುವುದು ಆಂಡ್ರಾಯ್ಡ್ ಮೇಲೆ ಕಟ್ಟಿದ ಕಾರ್ಯಾಚರಣ ವ್ಯವಸ್ಥೆ, ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್‌ಆರ್2 ಚಿಪ್ಪಿನ ಎರಡನೇ ತಲೆಮಾರು, 8 ಜಿಬಿ ಮೆಮೊರಿ, ಮತ್ತು ಒಂದೊಂದು ಕಣ್ಣಿಗೂ 2064×2208 ಪಿಕ್ಸೆಲ್‌ಗಳ ಪರದೆ. ಅಂದರೆ, ಫೋನಿನ ಚಿಪ್ಪಿನ ಜಾತಿಗೇ ಸೇರಿದ ಒಂದು ಚಿಪ್, ಬ್ಯಾಟರಿಯ ಬಲದಿಂದ, ಎರಡು ಕಣ್ಣುಗಳಿಗೆ ಎರಡು ಚಿತ್ರಗಳನ್ನು ಎಡೆಬಿಡದೆ ಬಿಡಿಸುತ್ತಿರಬೇಕು. ಅನ್‌ರಿಯಲ್ ಅಥವಾ ಗೋಡೋ 4 ಬಳಸುವವರಿಗೂ ಇಲ್ಲಿನ ಮಾತುಗಳು ಅನ್ವಯಿಸುತ್ತವೆ, ಏಕೆಂದರೆ ಮೂರೂ ಎಂಜಿನ್‌ಗಳು ಹೆಡ್‌ಸೆಟ್ಟಿನೊಂದಿಗೆ ಓಪನ್‌ಎಕ್ಸ್‌ಆರ್ ಎಂಬ ಮುಕ್ತ ಮಾನದಂಡದ ಮೂಲಕ ಮಾತಾಡಬಲ್ಲವು. ಕ್ರೋನೋಸ್ ಗ್ರೂಪ್ ಎಂಬ ಉದ್ಯಮ ಒಕ್ಕೂಟ ಈ ಮಾನದಂಡದ 1.0 ಆವೃತ್ತಿಯನ್ನು 2019ರ ಜುಲೈಯಲ್ಲಿ ಹೊರತಂದಿತು. ಅದಕ್ಕೂ ಮೊದಲು ಒಂದೊಂದು ಕಂಪನಿಯ ಹೆಡ್‌ಸೆಟ್ಟಿಗೂ ಒಂದೊಂದು ಎಸ್‌ಡಿಕೆ (ಆ ಕಂಪನಿಯದೇ ತಂತ್ರಾಂಶ ಸಲಕರಣೆಗಳ ಕಟ್ಟು) ಕಲಿಯಬೇಕಾಗಿತ್ತು. ಈಗ ಕಲಿಕೆ ಆರಂಭಿಸುವವರು ಓಪನ್‌ಎಕ್ಸ್‌ಆರ್ ಹಾದಿಯನ್ನೇ ಹಿಡಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಕಂಪನಿಯ ಸವಲತ್ತುಗಳನ್ನು ಅಗತ್ಯ ಬಿದ್ದಾಗ ಅದರ ಮೇಲೆ ಸೇರಿಸಿಕೊಳ್ಳಬಹುದು.

ಖಾಲಿ ದೃಶ್ಯದಿಂದ ಆರಂಭಿಸಿ

ಮೆಟಾದ ಡೆವಲಪರ್ ತಾಣದಲ್ಲಿ ಖಾತೆ ತೆರೆದು, ಡೆವಲಪರ್ ಸಂಸ್ಥೆಯೆಂದು ಒಂದು ಹೆಸರನ್ನು ನೋಂದಾಯಿಸಿ, ಖಾತೆಯನ್ನು ದೃಢೀಕರಿಸಿದ ಮೇಲೆ ಫೋನಿನ ಆಪ್ ಮೂಲಕ ಹೆಡ್‌ಸೆಟ್ಟಿನ ಡೆವಲಪರ್ ಮೋಡ್ ಆನ್ ಮಾಡಿಕೊಳ್ಳಿ. ಬಳಿಕ ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ. ಚಾರ್ಜ್ ಮಾತ್ರ ಮಾಡಿ ಡೇಟಾ ಸಾಗಿಸದ ಕೇಬಲ್‌ಗಳೂ ಇರುವುದರಿಂದ, ಕಂಪ್ಯೂಟರಿನಿಂದ ಆಂಡ್ರಾಯ್ಡ್ ಸಾಧನದೊಂದಿಗೆ ಮಾತಾಡುವ ಎಡಿಬಿ ಉಪಕರಣದ ಪಟ್ಟಿಯಲ್ಲಿ ಸಾಧನ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಪಟ್ಟಿಯಲ್ಲಿ ಸಾಧನ ಕಾಣಿಸಿಯೂ ಅನುಮತಿ ಇಲ್ಲವೆಂದು ಬರುತ್ತಿದ್ದರೆ ಗಾಬರಿಯಾಗಬೇಕಿಲ್ಲ: ಅನುಮತಿ ಕೇಳುವ ಕಿಟಕಿ ತೆರೆದುಕೊಳ್ಳುವುದು ಹೆಡ್‌ಸೆಟ್ಟಿನ ಒಳಗೆ, ಕಂಪ್ಯೂಟರಿನ ಪರದೆಯ ಮೇಲಲ್ಲ. ಒಮ್ಮೆ ತಲೆಗೆ ಧರಿಸಿ, ಈ ಕಂಪ್ಯೂಟರಿಗೆ ಸದಾ ಅನುಮತಿ ನೀಡುವ ಆಯ್ಕೆಯನ್ನು ಒತ್ತಿದರೆ ಸಾಕು.

ಯೂನಿಟಿಯಲ್ಲಿ ಆಂಡ್ರಾಯ್ಡ್ ಬಿಲ್ಡ್ ಮಾಡ್ಯೂಲನ್ನು ಅಳವಡಿಸಿ, ಎಕ್ಸ್‌ಆರ್ ಪ್ಲಗಿನ್ ಮ್ಯಾನೇಜ್‌ಮೆಂಟ್‌ನಲ್ಲಿ ಓಪನ್‌ಎಕ್ಸ್‌ಆರ್ ಆರಿಸಿ, ಸ್ಕ್ರಿಪ್ಟಿಂಗ್ ಬ್ಯಾಕೆಂಡನ್ನು ಐಎಲ್2ಸಿಪಿಪಿ ಎಂದೂ ಗುರಿ ವಾಸ್ತುವನ್ನು ಎಆರ್‌ಎಂ64 ಎಂದೂ ಇಟ್ಟುಕೊಳ್ಳಿ. ಆಮೇಲೆ ಏನೂ ಇಲ್ಲದ ಒಂದು ದೃಶ್ಯ: ನೆಲ, ಆ ನೆಲದ ಮೇಲೆ ಒಂದು ಮೀಟರ್ ಘನ, ಅಷ್ಟೇ. ಇದನ್ನು ಬಿಲ್ಡ್ ಮಾಡಿ, ಧರಿಸಿ, ಘನದ ಸುತ್ತ ಒಂದು ಸುತ್ತು ನಡೆದು ಬನ್ನಿ. ಯೂನಿಟಿಯ ಒಂದು ಮಾನ ಎಂದರೆ ಒಂದು ಮೀಟರ್ ಆಗಿರುವುದರಿಂದ ಘನ ನಿಮ್ಮ ಸೊಂಟದ ಆಸುಪಾಸಿಗೆ ಬರಬೇಕು. ಎದೆಮಟ್ಟಕ್ಕೋ ಮೊಣಕಾಲಿನ ಮಟ್ಟಕ್ಕೋ ಬಂದರೆ ಟ್ರ್ಯಾಕಿಂಗ್ ಮೂಲಬಿಂದು ನೆಲದ ಮೇಲಿಲ್ಲ, ಅಥವಾ ಯಾವುದೋ ತಾಯಿ (ಪೇರೆಂಟ್) ವಸ್ತುವಿನ ಅಳತೆ ಬದಲಾಗಿದೆ ಎಂದರ್ಥ. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡದೆ, ಇಡೀ ಕಾರ್ಖಾನೆಯ ಮಾದರಿಯನ್ನು ಕಟ್ಟಿ ಮುಗಿಸಿದ ಮೇಲೆ ಎಲ್ಲವೂ ಶೇಕಡಾ ಹತ್ತರಷ್ಟು ಹಿಗ್ಗಿದೆ ಎಂದು ಕಂಡುಕೊಂಡವರು ತಿದ್ದುವ ಕೆಲಸಕ್ಕೆ ವಾರಗಟ್ಟಲೆ ಸಮಯ ತೆತ್ತದ್ದನ್ನು ನಾನು ಕಂಡಿದ್ದೇನೆ.

ಒಂದು ಫ್ರೇಮಿಗೆ ಸಿಗುವ ಸಮಯ

ಪರದೆ ಸೆಕೆಂಡಿಗೆ 72 ಬಾರಿ ಹೊಸದಾಗುತ್ತಿದ್ದರೆ ಒಂದು ಫ್ರೇಮಿಗೆ ಸಿಗುವುದು 13.9 ಮಿಲಿಸೆಕೆಂಡು, 90 ಬಾರಿಯಾದರೆ 11.1, 120 ಬಾರಿಯಾದರೆ 8.3. ಈ ಅವಧಿಯೊಳಗೆ ನಿಮ್ಮ ಆಟದ ತರ್ಕ, ಭೌತಿಕ ಲೆಕ್ಕಾಚಾರ, ಎರಡೂ ಕಣ್ಣಿನ ಚಿತ್ರ ಎಲ್ಲವೂ ಮುಗಿಯಬೇಕು. ಅಷ್ಟೇ ಅಲ್ಲ, ಮಸೂರಗಳಿಂದಾಗುವ ವಕ್ರತೆಯನ್ನು ಸರಿಪಡಿಸಿ ಚಿತ್ರವನ್ನು ಪರದೆಗೆ ಮುಟ್ಟಿಸುವ ಕಂಪೋಸಿಟರ್ ಕೂಡ ಚಿತ್ರ ಬಿಡಿಸುವ ಅದೇ ಜಿಪಿಯುವಿನಲ್ಲಿ ತನ್ನ ಪಾಲು ಪಡೆಯುತ್ತದೆ. ಆದ್ದರಿಂದ 13.9 ಎಂಬ ಅಂಕಿಯನ್ನು ಪೂರ್ತಿ ನಿಮ್ಮದೆಂದು ಭಾವಿಸದೆ, ಒಂದೆರಡು ಮಿಲಿಸೆಕೆಂಡು ಉಳಿಸಿಕೊಂಡೇ ಯೋಜನೆ ಹಾಕಬೇಕು.

ತಲೆ ತಿರುಗಿಸಿದ ಕ್ಷಣದಿಂದ ಅದಕ್ಕೆ ತಕ್ಕ ಬೆಳಕು ಕಣ್ಣಿಗೆ ಬೀಳುವ ಕ್ಷಣದವರೆಗಿನ ಅಂತರ ಸುಮಾರು 20 ಮಿಲಿಸೆಕೆಂಡಿನೊಳಗೆ ಇರಬೇಕೆಂಬುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಒಪ್ಪಿಕೊಂಡು ಬಂದಿರುವ ಮಾತು. ಫ್ರೇಮ್ ತಯಾರಾಗುವುದಕ್ಕೇ ಅದರ ಬಹುಪಾಲು ಖರ್ಚಾಗುವಾಗ ಇದು ಹೇಗೆ ಸಾಧ್ಯವೆಂದು ಕೇಳಬಹುದು. ಎರಡು ಉಪಾಯಗಳಿಂದ ಸಾಧ್ಯವಾಗುತ್ತದೆ. ಮೊದಲನೆಯದು ಮುನ್ನೂಹೆ: ಓಪನ್‌ಎಕ್ಸ್‌ಆರ್‌ನ ಎಕ್ಸ್‌ಆರ್‌ವೇಟ್‌ಫ್ರೇಮ್ ಎಂಬ ಕರೆ ನಿಮಗೆ ಫ್ರೇಮ್ ಪರದೆಯ ಮೇಲೆ ಮೂಡಲಿರುವ ಸಮಯವನ್ನು ತಿಳಿಸುತ್ತದೆ, ನೀವು ತಲೆಯ ಸ್ಥಾನವನ್ನು ಈಗಿನ ಕ್ಷಣಕ್ಕಲ್ಲ, ಆ ಮುಂಬರುವ ಕ್ಷಣಕ್ಕೆ ಕೇಳಿ ಪಡೆಯುತ್ತೀರಿ. ಎರಡನೆಯದು ಮರುಪ್ರಕ್ಷೇಪಣ: ನೀವು ಒಪ್ಪಿಸಿದ ಚಿತ್ರವನ್ನು ಕಂಪೋಸಿಟರ್ ಕೊನೆಯ ಗಳಿಗೆಯ ತಲೆಯ ಸ್ಥಾನಕ್ಕೆ ತಕ್ಕಂತೆ ಕೊಂಚ ತಿರುಗಿಸಿ ತೋರಿಸುತ್ತದೆ. ನಿಮ್ಮ ಫ್ರೇಮ್ ಸಮಯಕ್ಕೆ ಸರಿಯಾಗಿ ಬರದಿದ್ದರೂ ಹಳೆಯ ಚಿತ್ರವನ್ನೇ ಹೀಗೆ ತಿರುಗಿಸಿ ಮರ್ಯಾದೆ ಉಳಿಸುವುದು ಇದೇ. ಆದರೆ ತಲೆ ಬರಿದೇ ತಿರುಗಿದಾಗ ಈ ಉಪಾಯ ಸೊಗಸಾಗಿ ಕೆಲಸ ಮಾಡುವುದಾದರೂ, ತಲೆ ಪಕ್ಕಕ್ಕೆ ಸರಿದಾಗ ಹತ್ತಿರದ ವಸ್ತುಗಳು ಅದುರುತ್ತವೆ, ಬೀಸುವ ಕೈ ಜೋಡಿಯಾಗಿ ಕಾಣುತ್ತದೆ. ಹೀಗಾಗಿ ಇದನ್ನು ಆಪತ್ಕಾಲದ ಆಸರೆಯೆಂದು ನೋಡಬೇಕೇ ಹೊರತು, ತಡವಾಗುವ ಕೋಡನ್ನು ಹಾಗೇ ಬಿಡಲು ನೆಪವಾಗಿಸಿಕೊಳ್ಳಬಾರದು.

ಈ ಚಿಪ್ಪಿನ ಅಡ್ರೆನೋ ಜಿಪಿಯು ಚಿತ್ರವನ್ನು ಚಿಕ್ಕ ಚಿಕ್ಕ ಹೆಂಚುಗಳಾಗಿ ಒಡೆದು, ಒಂದೊಂದನ್ನೂ ಚಿಪ್ಪಿನೊಳಗಿನ ಪುಟ್ಟ ವೇಗದ ಮೆಮೊರಿಯಲ್ಲಿ ಬಿಡಿಸಿ ಮುಗಿಸಿ, ಬಳಿಕ ಒಂದೇ ಬಾರಿಗೆ ಮುಖ್ಯ ಮೆಮೊರಿಗೆ ಬರೆಯುತ್ತದೆ. ಇದನ್ನು ಅರ್ಥಮಾಡಿಕೊಂಡರೆ ಸೆಟ್ಟಿಂಗುಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಅಂಚುಗಳನ್ನು ನಯಗೊಳಿಸುವ ಎಂಎಸ್‌ಎಎ ಹೆಂಚಿನೊಳಗೇ ನಡೆದುಹೋಗುವುದರಿಂದ ಅಗ್ಗ. ಅದನ್ನು 4x (ನಾಲ್ಕು ಪಟ್ಟು) ಎಂದು ಇಡಿ, ಏಕೆಂದರೆ ಕಣ್ಣಿಗೆ ಇಷ್ಟು ಹತ್ತಿರವಿರುವ ಪರದೆಯಲ್ಲಿ ಮಿನುಗುವ ಅಂಚುಗಳು ಬಹಳ ಬೇಗ ದಣಿಸುತ್ತವೆ. ಇಡೀ ಚಿತ್ರಕ್ಕೆ ಹಚ್ಚುವ ಬ್ಲೂಮ್, ಬಣ್ಣ ತಿದ್ದುವಿಕೆ ಮೊದಲಾದ ಪೋಸ್ಟ್ ಪ್ರೊಸೆಸಿಂಗ್ ಪರಿಣಾಮಗಳು ಮಾತ್ರ ಬರೆದದ್ದನ್ನೆಲ್ಲ ಮುಖ್ಯ ಮೆಮೊರಿಯಿಂದ ಮತ್ತೆ ಓದಿಸಿ ಮತ್ತೆ ಬರೆಸುತ್ತವೆ, ಅದೂ ಎರಡು ಕಣ್ಣಿಗೆ. ಅವುಗಳನ್ನು ಆಫ್ ಮಾಡಿಬಿಡಿ. ಯೂನಿಟಿಯ ಚಿತ್ರ ಬಿಡಿಸುವ ವ್ಯವಸ್ಥೆಯಾದ ಯುಆರ್‌ಪಿಯಲ್ಲಿ ಎಚ್‌ಡಿಆರ್, ಡೆಪ್ತ್ ಟೆಕ್ಸ್ಚರ್, ಒಪೇಕ್ ಟೆಕ್ಸ್ಚರ್ ಈ ಮೂರೂ ಆನ್ ಆಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಗ್ರಾಫಿಕ್ಸ್ ಎಪಿಐ ವಲ್ಕನ್ ಇರಲಿ, ಎರಡೂ ಕಣ್ಣಿನ ಚಿತ್ರಕ್ಕೆ ಸಿಪಿಯು ಒಂದೇ ಬಾರಿ ಆಜ್ಞೆ ನೀಡುವ ಮಲ್ಟಿವ್ಯೂ ವಿಧಾನವಿರಲಿ, ಟೆಕ್ಸ್ಚರ್‌ಗಳು ಎಎಸ್‌ಟಿಸಿ ಸಂಕೋಚನದಲ್ಲಿರಲಿ. ನೋಟದ ಅಂಚಿನಲ್ಲಿ ಕಡಿಮೆ ಸೂಕ್ಷ್ಮತೆಯಿಂದ ಬಿಡಿಸುವ ಫೋವಿಯೇಟೆಡ್ ರೆಂಡರಿಂಗ್ ಕೂಡ ಉಪಯುಕ್ತ. ಆದರೆ ಅಂಚಿನಲ್ಲಿ ಅಕ್ಷರಗಳಿದ್ದರೆ ಅದರ ಮಟ್ಟವನ್ನು ತಗ್ಗಿಸಬೇಕಾಗುತ್ತದೆ.

ಬೆಳಕು ಚಲಿಸದ ದೃಶ್ಯವಾದರೆ ಬೆಳಕು ನೆರಳುಗಳನ್ನು ಮೊದಲೇ ಲೆಕ್ಕಹಾಕಿ ಲೈಟ್‌ಮ್ಯಾಪ್ ಎಂಬ ಚಿತ್ರಕ್ಕೆ ಬೇಕ್ ಮಾಡಿಡಿ. ಪಾರದರ್ಶಕ ವಸ್ತುಗಳನ್ನು, ಹೊಗೆ ಕಿಡಿಗಳಂಥ ಕಣಗಳನ್ನು ಕೈ ಬಿಗಿಹಿಡಿದು ಬಳಸಿ, ಏಕೆಂದರೆ ಅವು ಒಂದರ ಮೇಲೊಂದು ಬಂದಾಗ ಒಂದೇ ಪಿಕ್ಸೆಲನ್ನು ಹಲವು ಬಾರಿ ಬಿಡಿಸಬೇಕಾಗುತ್ತದೆ. ಡ್ರಾ ಕಾಲ್‌ಗಳನ್ನು, ಅಂದರೆ ಒಂದು ಫ್ರೇಮ್ ಬಿಡಿಸಲು ಸಿಪಿಯು ಜಿಪಿಯುವಿಗೆ ಕೊಡುವ ಆಜ್ಞೆಗಳನ್ನು, ಕೆಲವೇ ನೂರರೊಳಗೆ ಇಡುವುದು ನಾನು ಪಾಲಿಸುವ ನಿಯಮ.

ಊಹಿಸದೆ ಅಳೆಯಿರಿ

ನಿಧಾನವಾಗುತ್ತಿದೆ ಎಂದ ಕೂಡಲೇ ಮಾಡೆಲ್‌ಗಳ ತ್ರಿಕೋನಗಳನ್ನು ಕಡಿಮೆ ಮಾಡಲು ಹೊರಡುವುದು ಹೊಸಬರ ಸಾಮಾನ್ಯ ತಪ್ಪು. ಮೊದಲು ಸಿಪಿಯು ತಡೆಯುತ್ತಿದೆಯೋ ಜಿಪಿಯುವೋ ಎಂಬುದನ್ನು ಪತ್ತೆಹಚ್ಚಬೇಕು. ಅದಕ್ಕೆ ಸುಲಭದ ದಾರಿಯೆಂದರೆ ರೆಂಡರ್ ಸ್ಕೇಲನ್ನು (ಬಿಡಿಸುವ ಚಿತ್ರದ ಪಿಕ್ಸೆಲ್ ಅಳತೆಯ ಗುಣಕ) 1.0ರಿಂದ 0.5ಕ್ಕೆ ಇಳಿಸಿ ನೋಡುವುದು. ಫ್ರೇಮಿನ ಸಮಯ ಗಣನೀಯವಾಗಿ ಇಳಿದರೆ ಪಿಕ್ಸೆಲ್‌ಗಳ ಕೆಲಸವೇ ಭಾರವಾಗಿದೆ. ಇಳಿಯದಿದ್ದರೆ ಸ್ಕ್ರಿಪ್ಟುಗಳು, ಭೌತಿಕ ಲೆಕ್ಕಾಚಾರ, ಡ್ರಾ ಕಾಲ್‌ಗಳು ಇಲ್ಲವೇ ಶೃಂಗಗಳ ಸಂಖ್ಯೆಯತ್ತ ಹೋಗಬೇಕು. ಓವಿಆರ್ ಮೆಟ್ರಿಕ್ಸ್ ಟೂಲ್ ಎಂಬ ಉಪಕರಣವನ್ನು ಹೆಡ್‌ಸೆಟ್ಟಿನಲ್ಲಿ ಹಾಕಿಕೊಂಡರೆ ಫ್ರೇಮ್ ದರ, ಜಿಪಿಯು ಸಮಯ, ಸಮಯಕ್ಕೆ ಬಾರದೆ ಹಳಸಿದ ಫ್ರೇಮ್‌ಗಳ ಎಣಿಕೆ ಎಲ್ಲವೂ ಕಣ್ಣೆದುರೇ ತೇಲುತ್ತಿರುತ್ತವೆ. ಒಂದೇ ಫ್ರೇಮಿನ ಒಳಹೊಕ್ಕು ಯಾವ ವಸ್ತು ಎಷ್ಟು ಸಮಯ ತಿಂದಿತೆಂದು ನೋಡಲು ರೆಂಡರ್‌ಡಾಕ್ ಇದೆ.

ಸರಾಸರಿ ಚೆನ್ನಾಗಿದ್ದೂ ಆಗಾಗ ಒಂದೊಂದು ಫ್ರೇಮ್ ತಪ್ಪುತ್ತಿದ್ದರೆ, ಯೂನಿಟಿಯ ಗಾರ್ಬೇಜ್ ಕಲೆಕ್ಷನ್ ಮೇಲೆ ಮೊದಲ ಅನುಮಾನ ಪಡಿ. ಪ್ರತಿ ಫ್ರೇಮಿನಲ್ಲೂ ಓಡುವ ಅಪ್‌ಡೇಟ್ ವಿಧಾನದೊಳಗೆ ಪಠ್ಯಗಳನ್ನು ಕೂಡಿಸುವುದು, ಹೊಸ ಪಟ್ಟಿಗಳನ್ನು ಸೃಷ್ಟಿಸುವುದು, ವಸ್ತುಗಳನ್ನು ಹುಟ್ಟಿಸಿ ನಾಶಮಾಡುವುದು ಇವೆಲ್ಲ ಮೆಮೊರಿಯಲ್ಲಿ ಕಸ ಸೇರಿಸುತ್ತವೆ, ಮತ್ತು ಆ ಕಸ ಗುಡಿಸುವ ಗಳಿಗೆಯಲ್ಲಿ ಫ್ರೇಮ್ ತಪ್ಪುತ್ತದೆ. ಬೇಕಾದ ವಸ್ತುಗಳನ್ನು ಆರಂಭದಲ್ಲೇ ಸೃಷ್ಟಿಸಿಟ್ಟು, ಅವನ್ನೇ ಮತ್ತೆ ಮತ್ತೆ ಬಳಸಿ.

ಕೇಬಲ್ ಮೂಲಕ ಕಂಪ್ಯೂಟರಿನಿಂದಲೇ ಓಡಿಸಿ ನೋಡುವ ಅನುಕೂಲ ದಿನನಿತ್ಯದ ಕೆಲಸಕ್ಕೆ ಬೇಕು. ಒಂದು ಸಾಲು ಬದಲಿಸಿದಾಗಲೆಲ್ಲ ಪೂರ್ತಿ ಬಿಲ್ಡ್ ಮಾಡುತ್ತ ಕೂರಲಾಗುವುದಿಲ್ಲ. ಆದರೆ ಆಗ ಚಿತ್ರ ಬಿಡಿಸುವುದು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು. ಅದರ ಬಲದ ಮುಂದೆ ನಿಮ್ಮ ತಪ್ಪುಗಳೆಲ್ಲ ಮುಚ್ಚಿಹೋಗುತ್ತವೆ. ದಿನಕ್ಕೊಮ್ಮೆಯಾದರೂ ಹೆಡ್‌ಸೆಟ್ಟಿಗೆ ಬಿಲ್ಡ್ ಹಾಕಿ, ಡೀಬಗ್ ಅಲ್ಲದ ಬಿಲ್ಡಿನಲ್ಲಿಯೇ ಅಳತೆ ತೆಗೆದುಕೊಳ್ಳಿ, ಮತ್ತು ಅಪ್ಲಿಕೇಶನ್ನನ್ನು ಅರ್ಧ ಗಂಟೆ ಸತತವಾಗಿ ಓಡಲು ಬಿಡಿ. ಮೊದಲ ಐದು ನಿಮಿಷ ಸಲೀಸಾಗಿ ಓಡಿದ್ದು, ಚಿಪ್ ಕಾದು ವ್ಯವಸ್ಥೆಯೇ ಅದರ ವೇಗ ತಗ್ಗಿಸಿದ ಮೇಲೆ ಮುಗ್ಗರಿಸುವುದುಂಟು. ಕಲಬುರಗಿ ರಾಯಚೂರುಗಳ ಏಪ್ರಿಲ್ ತಿಂಗಳಿನಲ್ಲಿ ಫ್ಯಾನಿನ ಕೆಳಗೆ ಪ್ರದರ್ಶನ ನೀಡಬೇಕಾದವರು ಇದನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು.

ಧರಿಸಿದವರ ನೋಟ ಅವರದೇ

ಕೆಲವು ವರ್ಷಗಳ ಹಿಂದೆ ತಾಂತ್ರಿಕ ತರಬೇತಿಯ ವಿದ್ಯಾರ್ಥಿಗಳಿಗಾಗಿ ಲೇತ್ ಯಂತ್ರದ ಒಂದು ಪಾಠವನ್ನು ಕಟ್ಟಿದ್ದೆ. ಯಂತ್ರದಲ್ಲಿ ಕೆಲಸದ ತುಂಡನ್ನು ಹಿಡಿದು ತಿರುಗಿಸುವ ಚಕ್ ಭಾಗವನ್ನು ಹತ್ತಿರದಿಂದ ತೋರಿಸಲೆಂದು ಮೂರು ಸೆಕೆಂಡುಗಳ ಕಾಲ ಕ್ಯಾಮೆರಾವನ್ನು ನಾನೇ ಮುಂದಕ್ಕೆ ಸರಿಸುವ ಕೋಡ್ ಬರೆದೆ. ಮೂರು ವಾರ ಅದನ್ನು ದಿನಕ್ಕೆ ಹತ್ತಾರು ಬಾರಿ ನೋಡಿದರೂ ನನಗೆ ಏನೂ ಆಗಲಿಲ್ಲ, ಏಕೆಂದರೆ ಯಾವಾಗ ಸರಿಯುತ್ತದೆಂದು ನನ್ನ ದೇಹಕ್ಕೆ ಗೊತ್ತಿತ್ತು. ತರಗತಿಯಲ್ಲಿ ಎರಡನೆಯದಾಗಿ ಧರಿಸಿದ ಹುಡುಗಿ ಆ ಗಳಿಗೆ ಬಂದ ಕೂಡಲೇ ಹೆಡ್‌ಸೆಟ್ ಕಳಚಿ, ತಲೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತಳು. ಆ ದಿನ ಮಧ್ಯಾಹ್ನದ ಊಟವನ್ನೂ ಮಾಡಲಿಲ್ಲ. ಧರಿಸಿದವರ ತಲೆ ಅಲುಗದಿರುವಾಗ ಕ್ಯಾಮೆರಾವನ್ನು ಅಲುಗಿಸಬಾರದೆಂಬ ನಿಯಮವನ್ನು ನಾನು ಅಂದಿನಿಂದ ಮುರಿದಿಲ್ಲ. ಹತ್ತಿರದ ನೋಟ ಬೇಕಿದ್ದರೆ ದೃಶ್ಯವನ್ನು ಕ್ಷಣಕಾಲ ಕಪ್ಪಾಗಿಸಿ, ಹೊಸ ಜಾಗದಲ್ಲಿ ತೆರೆಯಿರಿ. ಅದಕ್ಕಿಂತ ಒಳ್ಳೆಯದೆಂದರೆ ಚಕ್ಕನ್ನೇ ಕೈಗೆತ್ತಿಕೊಂಡು ನೋಡುವಂತೆ ಮಾಡುವುದು.

ದೂರ ಸಾಗಬೇಕಾದ ಕಡೆ ಗುರಿ ತೋರಿಸಿ ಜಿಗಿಯುವ ಟೆಲಿಪೋರ್ಟ್ ವಿಧಾನವನ್ನೇ ಪೂರ್ವನಿಯೋಜಿತವಾಗಿ ಇಡಿ. ಕಂಟ್ರೋಲರಿನ ಕಡ್ಡಿಯಿಂದ ಸಲೀಸಾಗಿ ನಡೆಯುವ ಆಯ್ಕೆಯನ್ನು ಬಯಸುವವರಿಗೆ ಕೊಡುವುದಾದರೆ ವೇಗ ಒಂದೇ ಸಮನಿರಲಿ, ನಿಧಾನವಾಗಿ ಏರುವ ವೇಗವರ್ಧನೆ ಬೇಡ, ಮತ್ತು ಚಲನೆಯ ಹೊತ್ತಿನಲ್ಲಿ ನೋಟದ ಅಂಚನ್ನು ಕಪ್ಪಾಗಿಸುವ ಮುಸುಕು ಇರಲಿ. ಚಲನೆಯ ಭ್ರಮೆಯನ್ನು ಹೆಚ್ಚಾಗಿ ಹುಟ್ಟಿಸುವುದು ಅಂಚಿನ ನೋಟ. ತಿರುಗುವಿಕೆ 30 ಅಥವಾ 45 ಡಿಗ್ರಿಗಳ ಹೆಜ್ಜೆಗಳಲ್ಲಿ ಆಗಲಿ. ಕುಳಿತು ಬಳಸುವವರಿಗೂ ಕಪಾಟಿನ ಮೇಲಿನ ವಸ್ತು ಎಟುಕುವಂತೆ ಎತ್ತರ ಹೊಂದಿಸುವ ಸೌಕರ್ಯವಿರಲಿ.

ಇನ್ನೊಂದು ವಿಷಯ ದೂರದ್ದು. ಎರಡೂ ಕಣ್ಣುಗಳು ಹತ್ತಿರದ ವಸ್ತುವಿನತ್ತ ಒಳಮುಖವಾಗಿ ತಿರುಗಿದರೂ, ಹೆಡ್‌ಸೆಟ್ಟಿನ ಮಸೂರಗಳು ಚಿತ್ರವನ್ನು ಒಂದೇ ನಿಗದಿತ ದೂರದಲ್ಲಿ ನಿಲ್ಲಿಸಿರುವುದರಿಂದ ಕಣ್ಣಿನ ಮಸೂರ ಮಾತ್ರ ಆ ದೂರಕ್ಕೇ ಹೊಂದಿಕೊಂಡಿರಬೇಕಾಗುತ್ತದೆ. ಈ ಜಗ್ಗಾಟವೇ ಕಣ್ಣುನೋವಿಗೆ ಒಂದು ಕಾರಣ. ಆದ್ದರಿಂದ ಮೆನು, ಸೂಚನಾಫಲಕಗಳನ್ನು ಒಂದರಿಂದ ಎರಡು ಮೀಟರ್ ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ತಲೆಗೆ ಅಂಟಿಸದೆ ಕೋಣೆಯಲ್ಲಿ ನಿಲ್ಲಿಸಬೇಕು.

ಕನ್ನಡ ಅಕ್ಷರಗಳನ್ನು ಸರಿಯಾಗಿ ಮೂಡಿಸುವುದು

ನಮ್ಮ ವಿದ್ಯಾರ್ಥಿಗಳಿಗೂ ಕಾರ್ಮಿಕರಿಗೂ ಅಪ್ಲಿಕೇಶನ್ ಕಟ್ಟುವವರು ಇಲ್ಲಿ ಖಂಡಿತ ಎಡವುತ್ತಾರೆ. ಯೂನಿಟಿಯಲ್ಲಿ ಎಲ್ಲರೂ ಬಳಸುವ ಟೆಕ್ಸ್ಟ್‌ಮೆಶ್ ಪ್ರೋ ಯೂನಿಕೋಡ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆ. ಕನ್ನಡಕ್ಕೆ ಬೇಕಾದ ಅಕ್ಷರ ಜೋಡಣೆಯನ್ನು ಮಾಡುವುದಿಲ್ಲ. ‘ರಾಷ್ಟ್ರ’ ಎಂಬುದು ಒತ್ತುಗಳೆಲ್ಲ ಬಿಚ್ಚಿ ‘ರಾಷ್‌ಟ್‌ರ’ ಎಂದಾಗುತ್ತದೆ, ಗುಣಿತಾಕ್ಷರಗಳು ಬೇರ್ಪಟ್ಟು ನಿಲ್ಲುತ್ತವೆ. ಫಾಂಟ್ ಬದಲಿಸಿದರೆ ಇದು ಸರಿಹೋಗದು, ಏಕೆಂದರೆ ಲೋಪವಿರುವುದು ಫಾಂಟಿನಲ್ಲಲ್ಲ. ಗೋಡೋ 4 ಮತ್ತು ಅನ್‌ರಿಯಲ್‌ನ ಮೆನು, ಫಲಕಗಳ ವ್ಯವಸ್ಥೆಯಾದ ಯುಎಂಜಿ ಎರಡೂ ಹಾರ್ಫ್‌ಬಜ್ ಎಂಬ ಜೋಡಣೆಯ ತಂತ್ರಾಂಶವನ್ನು ಬಳಸುವುದರಿಂದ ಅಲ್ಲಿ ಈ ತೊಂದರೆಯಿಲ್ಲ. ಯೂನಿಟಿಯಲ್ಲಿ, ಬದಲಾಗದ ಪಠ್ಯವಾದರೆ ಅದನ್ನು ಹೊರಗೆ ಚಿತ್ರವಾಗಿ ತಯಾರಿಸಿ ಟೆಕ್ಸ್ಚರಿನಂತೆ ಹಾಕುವುದು ಸರಳ. ಬದಲಾಗುವ ಪಠ್ಯವಾದರೆ ಆಂಡ್ರಾಯ್ಡ್ ವ್ಯವಸ್ಥೆಯ ಪಠ್ಯ ಬಿಡಿಸುವ ಸೌಲಭ್ಯದಿಂದಲೇ ಬಿಟ್‌ಮ್ಯಾಪ್ ಮಾಡಿಸಿ ಟೆಕ್ಸ್ಚರಿಗೆ ತಂದುಕೊಳ್ಳಬಹುದು. ನಾನು ಈ ಎರಡನೆಯ ದಾರಿಯನ್ನೇ ಹಿಡಿದಿದ್ದೇನೆ, ನೋಟೋ ಸಾನ್ಸ್ ಕನ್ನಡ ಫಾಂಟಿನೊಂದಿಗೆ. ಬಿಟ್‌ಮ್ಯಾಪನ್ನು ಪಠ್ಯ ಬದಲಾದಾಗ ಮಾತ್ರ ಮಾಡಬೇಕು, ಪ್ರತಿ ಫ್ರೇಮಿಗೂ ಅಲ್ಲ.

ಗಾತ್ರದ ಲೆಕ್ಕವನ್ನು ಡಿಗ್ರಿಗಳಲ್ಲಿ ಹಾಕಿ. ಕ್ವೆಸ್ಟ್ 3ರಲ್ಲಿ ನೋಟದ ಒಂದು ಡಿಗ್ರಿಗೆ ಸುಮಾರು 25 ಪಿಕ್ಸೆಲ್‌ಗಳು ದೊರೆಯುತ್ತವೆ. ಎರಡು ಮೀಟರ್ ದೂರದಲ್ಲಿ ಒಂದು ಡಿಗ್ರಿ ಎಂದರೆ ಸುಮಾರು ಮೂರೂವರೆ ಸೆಂಟಿಮೀಟರ್. ಇಂಗ್ಲಿಷಿನ ಅಕ್ಷರಕ್ಕೆ ಒಂದು ಡಿಗ್ರಿ ಎತ್ತರ ಸಾಕಾಗಬಹುದು, ಆದರೆ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ ಹೊತ್ತ ಕನ್ನಡದ ಅಕ್ಷರ ಅಷ್ಟರಲ್ಲಿ ಮಸುಕಾಗುತ್ತದೆ. ಒತ್ತು ಸೇರಿ ಒಂದೂವರೆ ಡಿಗ್ರಿ, ಅಂದರೆ ಎರಡು ಮೀಟರಿನಲ್ಲಿ ಐದು ಸೆಂಟಿಮೀಟರಿಗೆ ಕಡಿಮೆಯಾಗದಂತೆ, ಸಾಲುಗಳ ನಡುವೆ ಧಾರಾಳ ಅಂತರ ಬಿಟ್ಟು ಬರೆದಾಗ ಓದುಗರು ಕಣ್ಣು ಕಿರಿದುಮಾಡುವುದು ನಿಂತದ್ದನ್ನು ಗಮನಿಸಿದ್ದೇನೆ. ಹೆಚ್ಚು ಪಠ್ಯವಿರುವ ಫಲಕವನ್ನು ದೃಶ್ಯದೊಳಗೆ ಬಿಡಿಸುವ ಬದಲು ಕಂಪೋಸಿಟರಿಗೆ ಪ್ರತ್ಯೇಕ ಕ್ವಾಡ್ (ಆಯತಾಕಾರದ ಚಪ್ಪಟೆ) ಪದರವಾಗಿ ಒಪ್ಪಿಸಿದರೆ, ಚಿತ್ರ ಎರಡು ಬಾರಿ ಮಾದರಿಗೊಳ್ಳುವುದು ತಪ್ಪಿ ಅಕ್ಷರಗಳು ಇನ್ನಷ್ಟು ಚೂಪಾಗಿ ಕಾಣುತ್ತವೆ.

ಕೈ, ಕಂಟ್ರೋಲರ್, ಮೆನು

ಕೋಡಿನಲ್ಲಿ ಗುಂಡಿಯ ಹೆಸರನ್ನು ಬರೆಯದೆ ‘ಹಿಡಿ’, ‘ಆರಿಸು’ ಎಂಬ ಕ್ರಿಯೆಗಳನ್ನು ಹೆಸರಿಸಿ, ಅವುಗಳನ್ನು ಓಪನ್‌ಎಕ್ಸ್‌ಆರ್ ಮೂಲಕ ಗುಂಡಿಗಳಿಗೆ ಜೋಡಿಸಿ; ನಾಳೆ ಬೇರೆ ಹೆಡ್‌ಸೆಟ್ ಬಂದರೆ ಜೋಡಣೆ ಮಾತ್ರ ಬದಲಾಗುತ್ತದೆ. ಬರಿಗೈ ಗುರುತಿಸುವಿಕೆಯಲ್ಲಿ ಹೆಬ್ಬೆರಳು ತೋರುಬೆರಳುಗಳನ್ನು ಕೂಡಿಸುವ ಚಿವುಟುವ ಸನ್ನೆಯೇ ಹೆಚ್ಚು ನಂಬಿಕೆಗೆ ಅರ್ಹ. ಒಂದು ಕೈ ಇನ್ನೊಂದನ್ನು ಮರೆಮಾಡಿದಾಗ ಕ್ಯಾಮೆರಾಗಳಿಗೆ ಅದು ಕಾಣುವುದಿಲ್ಲವಾದ್ದರಿಂದ, ಕೈಗಳು ಒಂದರ ಮೇಲೊಂದು ಬರುವ ಕೆಲಸಗಳನ್ನು ಯೋಜಿಸಬೇಡಿ. ಸಿಸ್ಟಂ ಮೆನು ತೆರೆದಾಗ ನಿಮ್ಮ ಅಪ್ಲಿಕೇಶನ್ ಗಮನ ಕಳೆದುಕೊಳ್ಳುತ್ತದೆ; ಆಗ ಆಟ ನಿಲ್ಲಬೇಕು, ನಿಮ್ಮ ಕೈಗಳು ಮರೆಯಾಗಬೇಕು. ಹೆಡ್‌ಸೆಟ್ ಕಳಚಿದಾಗಲೂ ಹಾಗೆಯೇ.

ಇನ್ನೊಬ್ಬರಿಗೆ ತೊಡಿಸುವಾಗ

ಪರೀಕ್ಷೆ ನಡೆಸುವ ಕೋಣೆಯಲ್ಲಿ ಒಳ್ಳೆಯ ಬೆಳಕಿರಲಿ. ಹೆಡ್‌ಸೆಟ್ ತನ್ನ ಸ್ಥಾನವನ್ನು ಸುತ್ತಲಿನ ಗುರುತುಗಳನ್ನು ಕ್ಯಾಮೆರಾಗಳಿಂದ ನೋಡಿಯೇ ಕಂಡುಕೊಳ್ಳುವುದರಿಂದ, ಬರಿಯ ಬಿಳಿ ಗೋಡೆ, ದೊಡ್ಡ ಕನ್ನಡಿ, ಕತ್ತಲೆ ಮೂರೂ ಅದನ್ನು ದಾರಿ ತಪ್ಪಿಸುತ್ತವೆ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್‌ನದು. ದೀಪಗಳ ಮಿನುಗಿನಿಂದ ಟ್ರ್ಯಾಕಿಂಗ್ ನಡುಗುತ್ತಿದ್ದರೆ ಸೆಟ್ಟಿಂಗಿನಲ್ಲಿ ಟ್ರ್ಯಾಕಿಂಗ್ ಆವರ್ತನವನ್ನು ಅದಕ್ಕೇ ಹೊಂದಿಸಿ. ಮಸೂರದ ಮೇಲೆ ನೇರ ಬಿಸಿಲು ಬೀಳದಂತೆ ನೋಡಿಕೊಳ್ಳಿ, ಕೆಲವೇ ಕ್ಷಣಗಳ ಬಿಸಿಲು ಪರದೆಯನ್ನು ಶಾಶ್ವತವಾಗಿ ಸುಡಬಲ್ಲದು. ಕಿಟಕಿಯ ಪಕ್ಕದ ಮೇಜಿನ ಮೇಲೆ ಮಸೂರ ಮೇಲ್ಮುಖವಾಗಿಟ್ಟು ಊಟಕ್ಕೆ ಹೋಗುವುದು ಅತ್ಯಂತ ದುಬಾರಿಯ ಮರೆವು. ಮಸೂರವನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಮಾತ್ರ ಒರೆಸಿ, ದ್ರಾವಣಗಳನ್ನು ತಾಗಿಸಬೇಡಿ. ಮುಖಕ್ಕೆ ತಾಗುವ ಭಾಗವನ್ನು ಒಬ್ಬರಿಂದ ಒಬ್ಬರಿಗೆ ಕೊಡುವ ಮುನ್ನ ಶುಚಿಮಾಡಿ.

ಕಣ್ಣುಪಾಪೆಗಳ ನಡುವಿನ ಅಂತರ ವಯಸ್ಕರಲ್ಲಿ ಸರಾಸರಿ 63 ಮಿಲಿಮೀಟರ್ ಇದ್ದರೂ ಒಬ್ಬೊಬ್ಬರದು ಒಂದೊಂದು. ಧರಿಸಿದವರಿಗೆ ಮೊದಲು ಅಕ್ಷರಗಳು ಸ್ಪಷ್ಟವಾಗುವವರೆಗೆ ಹೆಡ್‌ಸೆಟ್ಟಿನಲ್ಲಿ ಈ ಅಂತರವನ್ನು ಹೊಂದಿಸುವ ಚಕ್ರವನ್ನು ತಿರುಗಿಸಲು ಹೇಳಿಕೊಡಿ. ಮೊದಲ ಬಾರಿಗೆ ಧರಿಸುವವರನ್ನು ಕೂರಿಸಿಯೇ ಆರಂಭಿಸಿ. ಸ್ವಲ್ಪ ಇರುಸುಮುರುಸಾದರೂ ಕೂಡಲೇ ಕಳಚಬಹುದೆಂದು ಮುಂಚೆಯೇ ಹೇಳಿ, ‘ಇನ್ನೆರಡು ನಿಮಿಷ, ಅಭ್ಯಾಸವಾಗುತ್ತದೆ’ ಎಂದು ಎಂದಿಗೂ ಒತ್ತಾಯಿಸಬೇಡಿ. ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮೆಟಾ ಈ ಸಾಧನವನ್ನು ಅನುಮತಿಸುವುದಿಲ್ಲ. ಶಾಲೆಗಳಲ್ಲಿ ಪ್ರದರ್ಶನ ನೀಡುವವರು ಇದನ್ನು ಪಾಲಿಸಲೇಬೇಕು.

ಅವರು ಧರಿಸಿರುವಾಗ ನೀವು ಸೂಚನೆ ಕೊಡದೆ ಸುಮ್ಮನೆ ನಿಂತು ಗಮನಿಸಿ. ಯಾವ ನಿಮಿಷದಲ್ಲಿ ಕೈ ಗಾಳಿಯಲ್ಲಿ ತಡಕಾಡಿತು, ಎಲ್ಲಿ ಹೆಜ್ಜೆ ತಡವರಿಸಿತು, ಯಾವ ಫಲಕವನ್ನು ಓದಲು ಕುತ್ತಿಗೆ ಮುಂದೆ ಬಂತು, ಕಳಚಿದ ಕೂಡಲೇ ಮುಖ ಹೇಗಿತ್ತು ಎಂಬುದನ್ನು ಸಮಯ ಸಹಿತ ಬರೆದುಕೊಳ್ಳಿ, ಮತ್ತು ಅದೇ ನಿಮಿಷದ ಫ್ರೇಮ್ ದಾಖಲೆಯನ್ನು ಪಕ್ಕಕ್ಕಿಟ್ಟು ನೋಡಿ. ಅಂದಿನ ತಿದ್ದುಪಡಿಗಳನ್ನು ಮಾಡಿದ ಮೇಲೆ ನಿಮಗೇ ತಲೆ ಭಾರವೆನಿಸುತ್ತಿದ್ದರೆ ಹೆಡ್‌ಸೆಟ್ಟನ್ನು ಕೆಳಗಿಡಿ; ದಣಿದ ದೇಹ ಒಳ್ಳೆಯ ಬಿಲ್ಡನ್ನೂ ಕೆಟ್ಟದ್ದೆಂದು ಹೇಳುತ್ತದೆ. ಮರುದಿನ ಬೆಳಿಗ್ಗೆ, ಇನ್ನೂ ಈ ಅಪ್ಲಿಕೇಶನ್ನನ್ನು ನೋಡಿಯೇ ಇಲ್ಲದ ಬೇರೊಬ್ಬರನ್ನು ಕರೆದು ಕೂರಿಸಿ.